ಸೈಟು ನಮ್ಮದು, ವಿವರಣೆ ಅವರದ್ದು: ಡೈರೆಕ್ಟರಿ ಸಂಪಾದಕರನ್ನು ಕೇಳೋರು ಯಾರೂ ಇಲ್ವಾ?

ಕಂಬಳಿ_ಚಳ್ಳಕೆರೆ
ಎಲ್ಲರಿಗೂ ನಮಸ್ಕಾರ. ಬೇಜಾರಾಗಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ಕಂಬಳಿ ವ್ಯಾಪಾರ. ಚಳ್ಳಕೆರೆ ಸುತ್ತಲಿನ ನೇಕಾರರಿಂದ ಕರಿ ಕಂಬಳಿ ತಂದು ಚಿತ್ರದುರ್ಗದ ಅಂಗಡಿಯಲ್ಲೂ ಸೈಟಿನಲ್ಲೂ ಮಾರುತ್ತೇವೆ. ಸೈಟು ಅಂದರೆ ನಾಲ್ಕು ಫೋಟೋ, ಒಂದು ಫೋನ್ ನಂಬರ್ ಅಲ್ಲ. ಉಣ್ಣೆ ಕತ್ತರಿಸುವುದು, ನೂಲುವುದು, ನೇಯುವುದು, ಹುಣಸೆ ಬೀಜದ ಗಂಜಿ ಹಚ್ಚಿ ಬಿಸಿಲಲ್ಲಿ ಒಣಗಿಸುವುದು, ಎಲ್ಲಕ್ಕೂ ಒಂದೊಂದು ಪುಟ ಇದೆ. ನೇಕಾರರ ಮನೆಗೇ ಹೋಗಿ ಫೋಟೋ ತೆಗೆದಿದ್ದೇವೆ.

ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳ ಸೈಟುಗಳನ್ನು ವಿಭಾಗ ಮಾಡಿ ಪಟ್ಟಿ ಹಾಕುವ ಡೈರೆಕ್ಟರಿ ಇದೆಯಲ್ಲ, ಹೆಸರು ಬೇಡ, ಇಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿಗೆ ನಮ್ಮ ಸೈಟು ಕಳಿಸಿ ತಿಂಗಳುಗಳೇ ಆದವು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಮೇಲ್ ಹಾಕಿದರೆ ಉತ್ತರ ಇಲ್ಲ. ಮೊನ್ನೆ ನೋಡಿದರೆ ಸೈಟು ಸೇರಿಸಿದ್ದಾರೆ, ಆದರೆ ಯಾವುದೋ ಮೂಲೆಯಲ್ಲಿ. ನಾವು ಬರೆದುಕೊಟ್ಟ ವಿವರಣೆ ಪೂರ್ತಿ ಕಿತ್ತು ಹಾಕಿದ್ದಾರೆ. ನಾವು ಬರೆದಿದ್ದು: ‘ಕರ್ನಾಟಕದ ನಂಬರ್ ಒನ್ ಅಪ್ಪಟ ಕಂಬಳಿ, ಉತ್ತಮ ಗುಣಮಟ್ಟ, ಕಡಿಮೆ ಬೆಲೆ, ಇಂದೇ ಕೊಳ್ಳಿ.’ ಅವರು ಹಾಕಿದ್ದು: ‘ಕುರಿ ಉಣ್ಣೆಯ ಕಂಬಳಿಗಳ ಮಾರಾಟ. ಅಳತೆ, ಬೆಲೆ, ಅಂಗಡಿ ವಿಳಾಸ.’ ಇಷ್ಟೇ!

ಆ ವಿಭಾಗ ನೋಡಿಕೊಳ್ಳುವವರು ಇನ್ನೊಂದು ಕಂಬಳಿ ಅಂಗಡಿಯವರಿಗೆ ನೆಂಟರು ಅಂತಲೂ ಮಾತು ಕೇಳಿದೆ. ಸೈಟು ನಮ್ಮದು, ದುಡ್ಡು ನಮ್ಮದು, ಅದರ ಬಗ್ಗೆ ಏನು ಬರೆಯಬೇಕು ಅಂತ ಹೇಳೋಕೆ ಇವರು ಯಾರು?

ಹೊಳೆದಂಡೆ_ಹರಿಹರ
ನಂದೂ ಇದೇ ಕಥೆ. ಕಳಿಸಿ ಮರೆತುಬಿಟ್ಟೆ.

ಮಂಡಿಪೇಟೆ_ಹುಡುಗ
ನಾನು ದಾವಣಗೆರೆಯಲ್ಲಿ ಸೈಟು ಮಾಡಿಕೊಡುವ ಕೆಲಸ ಮಾಡುತ್ತೇನೆ. ಸಂಬಳ ಇಲ್ಲದ ಸಂಪಾದಕರ ಕೈಗೆ ಕೀಲಿ ಕೊಟ್ಟರೆ ಹೀಗೇ ಆಗೋದು. ಅವರಿಗೆ ಗಡುವು ಇಲ್ಲ, ಜವಾಬ್ದಾರಿ ಇಲ್ಲ. ಬೇಕಾದಾಗ ಬಂದು ನೋಡುತ್ತಾರೆ, ಬೇಡವಾದಾಗ ಇಲ್ಲ. ಗಿರಾಕಿ ಬಂದು ‘ನನ್ನ ಸೈಟು ಯಾಕೆ ಇನ್ನೂ ಬಂದಿಲ್ಲ’ ಅಂತ ನನ್ನ ಕೊರಳಪಟ್ಟಿ ಹಿಡಿಯುತ್ತಾನೆ. ನಾನು ಯಾರನ್ನು ಕೇಳಲಿ?

ಜಗಳೂರು_ಸಂಪಾದಕ
ಆ ಡೈರೆಕ್ಟರಿಯ ಸಂಪಾದಕರಲ್ಲಿ ನಾನೂ ಒಬ್ಬ. ಕಂಬಳಿ ವಿಭಾಗ ನನ್ನದಲ್ಲ, ಆದರೆ ನೋಡಲು ಬಾಕಿ ಇರುವ ಸೈಟುಗಳ ಸರತಿಯಲ್ಲಿ ಏನಿದೆ ಅಂತ ನನಗೂ ಕಾಣುತ್ತದೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಸೈಟು ಒಂದು ವಿಭಾಗಕ್ಕೆ ಬಂದಿಲ್ಲ. ಕಂಬಳಿ, ಕರಕುಶಲ, ಉಡುಪು, ಕುರಿ ಸಾಕಣೆ, ಪ್ರವಾಸ, ಕೊನೆಗೆ ಚಳ್ಳಕೆರೆಯ ಎಣ್ಣೆ ಗಿರಣಿಗಳ ವಿಭಾಗಕ್ಕೂ ಬಂದಿದೆ. ಒಂದೊಂದು ಕಡೆ ಒಂದೊಂದು ಹೆಸರು. ಕೆಲವು ಕಡೆ ಬೇರೆ ವಿಳಾಸ ಕೊಟ್ಟು ಅದನ್ನು ಇದೇ ಸೈಟಿಗೆ ತಿರುಗಿಸಿದ್ದಾರೆ. ಇಂಥದ್ದು ಕಂಡರೆ ಯಾವ ಸಂಪಾದಕರಿಗಾದರೂ ಅನುಮಾನ ಬರುತ್ತದೆ. ಎಲ್ಲ ವಿಭಾಗದವರೂ ‘ಬೇರೆಯವರು ನೋಡಲಿ’ ಅಂತ ಬಿಟ್ಟರು. ತಡ ಆಗಿದ್ದು ಅದಕ್ಕೆ.

ವಿವರಣೆ ವಿಷಯ. ‘ನಂಬರ್ ಒನ್’ ಅಂತ ಎಲ್ಲರೂ ಬರೆದುಕೊಂಡು ಬರುತ್ತಾರೆ. ಎಲ್ಲರದ್ದೂ ಹಾಗೇ ಹಾಕಿದರೆ ಓದುವವನಿಗೆ ಏನು ತಿಳಿಯುತ್ತದೆ? ಪಟ್ಟಿ ಇರುವುದು ಹುಡುಕುವವನಿಗೆ, ಮಾರುವವನಿಗಲ್ಲ.

ಕಂಬಳಿ_ಚಳ್ಳಕೆರೆ
ಎಣ್ಣೆ ಗಿರಣಿ ವಿಭಾಗಕ್ಕೆ ನಾವು ಕಳಿಸಿಯೇ ಇಲ್ಲ! ಸೈಟು ಮಾಡಿಕೊಟ್ಟವರು ‘ಎಲ್ಲ ಕಡೆ ನೋಂದಾಯಿಸುತ್ತೇವೆ’ ಅಂತ ಪ್ಯಾಕೇಜಿನ ದುಡ್ಡು ಇಸಕೊಂಡಿದ್ದರು. ಅವರು ಏನು ಮಾಡಿದರೋ ನಮಗೆ ಹೇಗೆ ಗೊತ್ತಾಗಬೇಕು?

ಅದಿರಲಿ. ನಿಮಗೆ ಅನುಮಾನ ಬಂತಲ್ಲ, ಒಂದು ಸಾಲು ಬರೆದು ಕೇಳೋಕೆ ಏನಾಗಿತ್ತು? ‘ಇಷ್ಟು ಕಡೆಯಿಂದ ಬಂದಿದೆ, ಯಾವುದು ಸರಿ ಹೇಳಿ’ ಅಂದಿದ್ದರೆ ಅದೇ ದಿನ ಮುಗಿಯುತ್ತಿತ್ತು.

ಹಳೆಯ_ಮೋಡೆಮ್
ಈ ಜಗಳ ಹೊಸದಲ್ಲ, ನಮ್ಮ ಊರಿಂದೂ ಅಲ್ಲ. 2000ದ ಆಸುಪಾಸಿನಿಂದ ಇದನ್ನೆಲ್ಲ ಹತ್ತಿರದಿಂದ ನೋಡಿದವನು ನಾನು. ವಿದ್ಯಾನಗರದ ಸೈಬರ್ ಸೆಂಟರಿನಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಕೂರುತ್ತಿದ್ದ ಕಾಲ.

ಆಗ ಡಿಮೋಜ್ ಅಂತ ಇತ್ತು, ಇಡೀ ಜಗತ್ತಿನ ಸೈಟುಗಳ ಡೈರೆಕ್ಟರಿ. ಓಪನ್ ಡೈರೆಕ್ಟರಿ ಪ್ರಾಜೆಕ್ಟ್. 1998ರ ಜೂನ್‌ನಲ್ಲಿ ರಿಚ್ ಸ್ಕ್ರೆಂಟಾ, ಬಾಬ್ ಟ್ರುಯೆಲ್ ಶುರು ಮಾಡಿದ್ದು. ಅದೇ ವರ್ಷ ಬ್ರೌಸರ್ ಕಂಪನಿ ನೆಟ್‌ಸ್ಕೇಪ್ ಕೊಂಡುಕೊಂಡಿತು, ನೆಟ್‌ಸ್ಕೇಪನ್ನು ಎಒಎಲ್ ಅನ್ನೋ ಅಮೆರಿಕದ ಇಂಟರ್ನೆಟ್ ಕಂಪನಿ ಕೊಂಡುಕೊಂಡಿತು. ಕೆಲಸ ಮಾಡುತ್ತಿದ್ದವರು ಮಾತ್ರ ಸಂಬಳವಿಲ್ಲದ ಸ್ವಯಂಸೇವಕರು. ಮುಚ್ಚುವ ಹೊತ್ತಿಗೆ 38 ಲಕ್ಷಕ್ಕೂ ಜಾಸ್ತಿ ಸೈಟು, 10 ಲಕ್ಷಕ್ಕೂ ಜಾಸ್ತಿ ವಿಭಾಗ. ಮೊದಲಿನಿಂದ ಕೊನೆವರೆಗೆ ಸಂಪಾದಕರಾಗಿ ಬಂದು ಹೋದವರು 90 ಸಾವಿರಕ್ಕೂ ಮೇಲೆ.

ಸೈಟು ಮಾಲೀಕರಿಗೆ ಅದರ ಮೇಲೆ ಯಾಕೆ ಅಷ್ಟು ಆಸೆ ಅಂದರೆ, ಅದರ ಪಟ್ಟಿಯನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದಿತ್ತು. ಗೂಗಲ್ ಡೈರೆಕ್ಟರಿಯೇ ಅದರ ಮೇಲೆ ನಿಂತಿತ್ತು, 2000ದಿಂದ 2011ರವರೆಗೆ. ಇನ್ನೂ ನೂರಾರು ಸೈಟುಗಳು ನಕಲು ಮಾಡಿಕೊಂಡಿದ್ದವು. ಅಲ್ಲಿ ಒಮ್ಮೆ ಹೆಸರು ಬಂದರೆ ಎಲ್ಲ ಕಡೆಯಿಂದ ಕೊಂಡಿ (ಲಿಂಕ್) ಸಿಗುತ್ತಿತ್ತು. ಕೊಂಡಿ ಜಾಸ್ತಿ ಇದ್ದರೆ ಹುಡುಕಾಟದಲ್ಲಿ ಮೇಲೆ. ಹಾಗಾಗಿ ಒಬ್ಬ ಸಂಪಾದಕನ ಒಂದು ಕ್ಲಿಕ್ಕಿಗೆ ದುಡ್ಡಿನ ಬೆಲೆ ಬಂತು. ಅವನಿಗೆ ಒಂದು ಕಾಸೂ ಇಲ್ಲ, ಎದುರಿಗಿರುವವನಿಗೆ ವ್ಯಾಪಾರದ ಪ್ರಶ್ನೆ. ಜಗಳದ ಬೇರು ಇಲ್ಲಿದೆ.

ಬೆಣ್ಣೆ_ಖಾಲಿ
ಸೈಬರ್ ಸೆಂಟರ್ ಅಂದಾಗ ನೆನಪಾಯಿತು, ಅದರ ಪಕ್ಕದಲ್ಲಿ ಬೆಣ್ಣೆ ದೋಸೆ ಹೋಟೆಲ್ ಇತ್ತಲ್ಲ? ಈಗಲೂ ಇದೆಯಾ?

ಹಳೆಯ_ಮೋಡೆಮ್
ಇಲ್ಲ. ಈಗ ಅಲ್ಲಿ ಮೊಬೈಲ್ ಅಂಗಡಿ.

ಮಂಡಿಪೇಟೆ_ಹುಡುಗ
ಡಿಮೋಜ್ ಹೆಸರು ಎತ್ತಿದಿರಲ್ಲ, ಅದು ಯಾಕೆ ಮುಚ್ಚಿತು ಅದನ್ನೂ ಹೇಳಿ. ಅಲ್ಲೂ ಇದೇ ಸೊಕ್ಕು ಇತ್ತು ಅಂತ ಎಲ್ಲ ಕಡೆ ಓದಿದ್ದೇನೆ. ಸಂಪಾದಕರು ತಮ್ಮ ಸೈಟು ಸೇರಿಸಿಕೊಂಡು ಪೈಪೋಟಿಯವರದ್ದನ್ನು ಒಳಗೆ ಬಿಡುತ್ತಿರಲಿಲ್ಲ. ದುಡ್ಡು ತಗೊಳ್ಳುವವರೂ ಇದ್ದರು ಅಂತ ಆರೋಪ ಇತ್ತು.

ಹಳೆಯ_ಮೋಡೆಮ್
ಆರೋಪ ಇತ್ತು. ಅಂಥವರು ಸಿಕ್ಕಿಬಿದ್ದರೆ ತೆಗೆದುಹಾಕುವ ನಿಯಮವೂ ಇತ್ತು. ಸಂಪಾದಕನಾಗಲು ಅರ್ಜಿ ಹಾಕುವಾಗಲೇ ನಿನಗೆ ಸಂಬಂಧಪಟ್ಟ ಸೈಟು ಯಾವುವು ಅಂತ ಬರೆಯಬೇಕಿತ್ತು. ವಿಭಾಗಕ್ಕೆ ತಕ್ಕ ಎರಡು ಮೂರು ಸೈಟು ಹುಡುಕಿ, ವಿವರಣೆ ಬರೆದು ತೋರಿಸಬೇಕಿತ್ತು. ಮೊದಲು ಒಂದು ಸಣ್ಣ ವಿಭಾಗ ಮಾತ್ರ ಕೊಡುತ್ತಿದ್ದರು. ನಾಲ್ಕು ತಿಂಗಳು ಏನೂ ಮಾಡದಿದ್ದರೆ ಖಾತೆ ನಿಂತುಹೋಗುತ್ತಿತ್ತು.

ಆದರೂ ಕಳ್ಳದಾರಿಯಲ್ಲಿ ಬರುವವರು ಬರುತ್ತಿದ್ದರು. ತನ್ನದೊಂದು ಸೈಟು ಸೇರಿಸೋಕೆ ಅಂತಲೇ ಸಂಪಾದಕನಾಗಿ, ಕೆಲಸ ಆದ ಮೇಲೆ ಮಾಯ. ಇಂಥವರು ಸೈಟು ಮಾಲೀಕರ ಗುಂಪಿನಿಂದಲೇ ಬಂದವರು ಅನ್ನೋದನ್ನೂ ನೆನಪಿಡಿ.

ಮುಚ್ಚಿದ್ದಕ್ಕೆ ಸೊಕ್ಕು ಒಂದೇ ಕಾರಣ ಅಲ್ಲ. ಜನ ವಿಭಾಗ ಬಿಚ್ಚಿಕೊಂಡು ಹುಡುಕುವುದನ್ನೇ ಬಿಟ್ಟರು. ಪೆಟ್ಟಿಗೆಯಲ್ಲಿ ಎರಡು ಪದ ಟೈಪ್ ಮಾಡಿದರೆ ಉತ್ತರ ಬರುವಾಗ ‘ಏಷ್ಯಾ, ಭಾರತ, ಕರ್ನಾಟಕ’ ಅಂತ ಯಾರು ಇಳಿದು ಬರುತ್ತಾರೆ? 2006ರ ಅಕ್ಟೋಬರಿನಲ್ಲಿ ಸರ್ವರ್ ಕೆಟ್ಟು ವಾರಗಟ್ಟಲೆ ಯಾರಿಗೂ ಏನೂ ತಿದ್ದಲು ಆಗಲಿಲ್ಲ. ಯಾಹೂ ಡೈರೆಕ್ಟರಿ 2014ರ ಕೊನೆಗೆ ಹೋಯಿತು. ಡಿಮೋಜ್ 2017ರ ಮಾರ್ಚಿನಲ್ಲಿ. ಅದರ ಸಂಪಾದಕರೇ ಸೇರಿ ಕರ್ಲಿ ಅಂತ ಮುಂದುವರಿಸಿದ್ದಾರೆ.

ಹೊಳೆದಂಡೆ_ಹರಿಹರ
ಯಾಹೂದಲ್ಲಿ ದುಡ್ಡು ಕೊಟ್ಟರೆ ಬೇಗ ಸೇರಿಸುತ್ತಿದ್ದರಲ್ವಾ? ಆ ಪದ್ಧತಿಯೇ ವಾಸಿ. ಕೊಟ್ಟೆ, ಕೆಲಸ ಆಯಿತು.

ಹಳೆಯ_ಮೋಡೆಮ್
ಸೇರಿಸುತ್ತೇವೆ ಅಂತ ಅಲ್ಲ. 299 ಡಾಲರ್ ಕೊಟ್ಟರೆ *ನೋಡುತ್ತೇವೆ* ಅಂತ. ನೋಡಿ ಬೇಡ ಅಂದರೆ ದುಡ್ಡು ವಾಪಸ್ ಇಲ್ಲ. ಸೇರಿಸಿದರೆ ಪ್ರತಿ ವರ್ಷ ಮತ್ತೆ ಕೊಡಬೇಕು. ಆಗಿನ ಲೆಕ್ಕದಲ್ಲಿ ಹದಿಮೂರು ಹದಿನಾಲ್ಕು ಸಾವಿರ ರೂಪಾಯಿ. ದಾವಣಗೆರೆಯ ಯಾವ ಸಣ್ಣ ಅಂಗಡಿಯವನು ಕೊಡುತ್ತಿದ್ದ ಹೇಳಿ. ದುಡ್ಡಿದ್ದವರ ಪಟ್ಟಿ ಆಗುತ್ತದೆ ಅಷ್ಟೆ.

ಮೊಳಕಾಲ್ಮೂರು_ಮಗ್ಗ
ನಾನು ಸಂಪಾದಕರ ಪರ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಾರೆ, ಕೈಮಗ್ಗ. ಮೊಳಕಾಲ್ಮೂರು ಸೀರೆಗೆ ಜಿಐ ಗುರುತು ಇದೆ, ಅಂದರೆ ಊರಿನ ಹೆಸರಿಗೆ ಸರ್ಕಾರ ಕೊಟ್ಟ ರಕ್ಷಣೆ. ಆದರೆ ಆನ್‌ಲೈನಿನಲ್ಲಿ ‘ಮೊಳಕಾಲ್ಮೂರು ಸಿಲ್ಕ್’ ಅಂತ ಹುಡುಕಿ ನೋಡಿ. ಬರುವುದರಲ್ಲಿ ಎಷ್ಟೋ ಪವರ್‌ಲೂಮ್ ಮಾಲು. ಕೆಲವದರಲ್ಲಿ ರೇಷ್ಮೆಯೂ ಇಲ್ಲ. ಫೋಟೋ ಮಾತ್ರ ನಮ್ಮ ಊರಿನ ಮಗ್ಗದ್ದು. ಒಂದು ಸೈಟಿನಲ್ಲಿ ನಮ್ಮ ಪಕ್ಕದ ಮನೆಯವರು ಮಗ್ಗದಲ್ಲಿ ಕೂತಿರುವ ಚಿತ್ರವೇ ಇತ್ತು. ಅವರನ್ನು ಕೇಳಿದರೆ ಅವರಿಗೆ ಗೊತ್ತೇ ಇಲ್ಲ.

ಈ ಡೈರೆಕ್ಟರಿಯಲ್ಲಿ ನಮ್ಮ ವಿಭಾಗ ನೋಡುವ ಅಕ್ಕ ಒಂದೊಂದು ಸೈಟನ್ನೂ ತೆರೆದು ನೋಡುತ್ತಾರೆ. ಅಂಗಡಿಯ ವಿಳಾಸ ಇದೆಯಾ, ಫೋನ್ ಎತ್ತುತ್ತಾರಾ, ಅಪ್ಪಟ ರೇಷ್ಮೆ ಅಂತ ಹೇಳುವ ಸಿಲ್ಕ್ ಮಾರ್ಕ್ ಚೀಟಿಯ ಫೋಟೋ ಇದೆಯಾ, ಅದೇ ಫೋಟೋ ಬೇರೆ ಸೈಟಿನಲ್ಲಿ ಇದೆಯಾ. ಹೀಗೆ ನೋಡಿ ಎಷ್ಟೋ ಸೈಟುಗಳನ್ನು ಹೊರಗಿಟ್ಟಿದ್ದಾರೆ. ಹೊರಗಿಟ್ಟವರೆಲ್ಲ ಬಂದು ಅವರಿಗೆ ಬಾಯಿಗೆ ಬಂದಂತೆ ಬೈದಿದ್ದಾರೆ. ಹೆಣ್ಣುಮಗಳು ಅಂತ ಇನ್ನೂ ಜಾಸ್ತಿ. ಅವರಿಗೆ ಬರುವುದು ಏನು? ಏನೂ ಇಲ್ಲ.

ಕಂಬಳಿ ಅಣ್ಣನ ಸೈಟು ಒಳ್ಳೆಯದೇ ಇರಬಹುದು. ಆದರೆ ಬಾಗಿಲು ತೆರೆದುಬಿಟ್ಟರೆ ಅದರ ಜೊತೆ ಕಸವೂ ಬರುತ್ತದೆ. ಆಗ ನಷ್ಟ ನಿಜವಾಗಿ ನೇಯುವವನಿಗೆ.

ಕಂಬಳಿ_ಚಳ್ಳಕೆರೆ
ಅಕ್ಕನ ಕೆಲಸಕ್ಕೆ ಕೈ ಮುಗಿಯುತ್ತೇನೆ. ನಾನು ಬಾಗಿಲು ತೆರೆಯಿರಿ ಅಂದಿಲ್ಲ. ಬಾಗಿಲ ಹೊರಗೆ ನಿಂತವನಿಗೆ ಮಾತಾಡಿ ಅಂದೆ. ನಮ್ಮ ಸೈಟಿನಲ್ಲೂ ನೇಕಾರರ ಫೋಟೋ ಇದೆ, ಅವರ ಒಪ್ಪಿಗೆ ತಗೊಂಡೇ ಹಾಕಿದ್ದು. ಅದನ್ನು ಕೇಳಿದ್ದರೆ ತೋರಿಸುತ್ತಿದ್ದೆ. ಯಾರೂ ಕೇಳಲಿಲ್ಲ.

ಕೋಟೆ_ಕಲ್ಲು
ವಿವರಣೆ ಬಿಡಿ, ವಿಭಾಗದ ಗೋಳು ಯಾರಾದರೂ ಕೇಳಿದ್ದೀರಾ? ನಾನು ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ ಬಗ್ಗೆ ಸೈಟು ನಡೆಸುತ್ತೇನೆ. ಬ್ರಹ್ಮಗಿರಿಯ ಅಶೋಕನ ಶಾಸನ, ವಾಣಿವಿಲಾಸ ಸಾಗರ, ಎಲ್ಲ ಇದೆ. ಅದನ್ನು ‘ಪ್ರವಾಸ’ಕ್ಕೆ ಹಾಕಿದ್ದಾರೆ. ಪಕ್ಕದಲ್ಲಿ ಇರುವುದೆಲ್ಲ ಟ್ಯಾಕ್ಸಿ ಬಾಡಿಗೆ, ಲಾಡ್ಜ್. ನನ್ನದು ಇತಿಹಾಸ! ಹೇಳಿದರೆ ‘ಒಂದು ಸೈಟಿಗೆ ಒಂದೇ ಜಾಗ’ ಅಂತಾರೆ.

ಜಗಳೂರು_ಸಂಪಾದಕ
ನಿಮ್ಮ ಸೈಟಿನ ಮೊದಲ ಪುಟ ತೆರೆದರೆ ಮೇಲೇ ‘ಗೈಡ್ ಬೇಕೆ? ಕರೆ ಮಾಡಿ’ ಅಂತ ಇದೆ ಸಾರ್. ಅದಕ್ಕೇ ಪ್ರವಾಸ.

ಕೋಟೆ_ಕಲ್ಲು
ಕೋಟೆ ತೋರಿಸುವುದೇ ನನ್ನ ಕೆಲಸ. ಏಳು ಸುತ್ತು ಹತ್ತಿ ಇಳಿದು ಹೊಟ್ಟೆ ತುಂಬಿಸಿಕೊಳ್ಳುವವನು ಇತಿಹಾಸ ಬರೆಯಬಾರದಾ? ಓಬವ್ವನ ಕಿಂಡಿಯ ಹತ್ತಿರ ಈಗ ನೀರು ಎಲ್ಲಿಂದ ಬರುತ್ತದೆ, ತುಪ್ಪದ ಕೊಳ ಯಾವುದು, ಯಾವ ಬಾಗಿಲ ಹತ್ತಿರ ಯಾವ ಶಾಸನ, ಇದನ್ನೆಲ್ಲ ಬರೆದಿರುವುದು ಪುಟಗಟ್ಟಲೆ. ಒಂದು ಫೋನ್ ನಂಬರ್ ನೋಡಿ ಅಂಗಡಿ ಅಂದುಬಿಟ್ಟಿರಿ. ಒಳಗೆ ಹೋಗಿ ಓದಿದ್ದೀರಾ?

ಜಗಳೂರು_ಸಂಪಾದಕ
ಶಾಸನಗಳ ಪುಟ ಈಗ ತೆರೆದು ಓದಿದೆ. ಬಾಗಿಲುಗಳ ಪುಟವನ್ನೂ. ಇದು ಇತಿಹಾಸವೇ. ಒಳಪುಟವನ್ನು ಬೇರೆಯಾಗಿ ಸೇರಿಸಲು ನಮ್ಮಲ್ಲಿ ಅವಕಾಶ ಇದೆ, ಅದರಲ್ಲೇ ಸಾಕಷ್ಟು ವಿಷಯ ಇದ್ದರೆ. ಆ ವಿಭಾಗದವರಿಗೆ ಕಳಿಸುತ್ತೇನೆ. ಮೊದಲ ಪುಟ ಪ್ರವಾಸದಲ್ಲೇ ಇರಲಿ.

ಹರಪನಹಳ್ಳಿ_ಹೈದ
ನಮ್ಮ ಊರಿನ ಕಥೆ ಕೇಳಿ ಮತ್ತೆ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆದಾಗ ನಮ್ಮನ್ನು ಬಳ್ಳಾರಿಯಿಂದ ತೆಗೆದು ಇಲ್ಲಿಗೆ ಹಾಕಿದರು. 2018ರಲ್ಲಿ ವಾಪಸ್ ಬಳ್ಳಾರಿಗೆ. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು, ಅಲ್ಲಿಗೆ. ಈ ಡೈರೆಕ್ಟರಿಯಲ್ಲಿ ನಮ್ಮ ಶಾಲೆ, ಸೊಸೈಟಿ, ಆಸ್ಪತ್ರೆಗಳ ಸೈಟು ಮೊದಲು ದಾವಣಗೆರೆಯ ಕೆಳಗೆ ಇದ್ದವು. ಆಮೇಲೆ ಒಬ್ಬ ಸಂಪಾದಕರು ‘ಈಗ ನಮ್ಮ ಜಿಲ್ಲೆ ಅಲ್ಲ’ ಅಂತ ಒಂದೇ ರಾತ್ರಿ ಎಲ್ಲ ತೆಗೆದರು. ಜಿಲ್ಲೆ ಬದಲಾದರೇನು, ನಾವು ಬಟ್ಟೆ ತರೋಕೆ, ಡಾಕ್ಟರ್ ಹತ್ತಿರ ಹೋಗೋಕೆ ಈಗಲೂ ದಾವಣಗೆರೆಗೇ ಬರೋದು.

ಪಿಜೆ_ಬಡಾವಣೆ_ಓದುಗ
ಇದು ನಿಜವಾಗಿಯೂ ತಪ್ಪು. ನಾನು ಸೈಟು ಮಾಲೀಕನೂ ಅಲ್ಲ, ಸಂಪಾದಕನೂ ಅಲ್ಲ. ನಿವೃತ್ತಿ ಆದ ಮೇಲೆ ಆ ಪಟ್ಟಿ ನೋಡುವವನು. ನನಗೆ ಹರಪನಹಳ್ಳಿಯ ಒಂದು ಸೈಟು ಬೇಕಿತ್ತು. ಮೊದಲು ಇದ್ದ ಜಾಗದಲ್ಲಿ ಇರಲಿಲ್ಲ. ಸರ್ಕಾರದ ಗೆರೆ ಬೇರೆ, ಜನ ಹುಡುಕುವ ದಾರಿ ಬೇರೆ. ತೆಗೆಯುವ ಬದಲು ‘ಈಗ ವಿಜಯನಗರ ಜಿಲ್ಲೆ’ ಅಂತ ಒಂದು ಸೂಚನೆ ಹಾಕಿ ಅಲ್ಲೇ ಬಿಡಬಹುದಿತ್ತು.

ಇನ್ನೊಂದು ಮಾತು. ಮಾಲೀಕರು ‘ನಮ್ಮ ಸೈಟು’ ಅಂತಾರೆ, ಸಂಪಾದಕರು ‘ನಮ್ಮ ವಿಭಾಗ’ ಅಂತಾರೆ. ಓದುವವನ ಹೆಸರನ್ನು ಇಬ್ಬರೂ ಹೇಳುತ್ತಾರೆ, ಅವನನ್ನು ಕೇಳುವವರು ಮಾತ್ರ ಯಾರೂ ಇಲ್ಲ. ನನ್ನನ್ನು ಕೇಳಿದರೆ ಹೇಳುತ್ತೇನೆ: ‘ಕುರಿ ಉಣ್ಣೆಯ ಕಂಬಳಿಗಳ ಮಾರಾಟ. ಅಳತೆ, ಬೆಲೆ, ಅಂಗಡಿ ವಿಳಾಸ’ ಇದು ನನಗೆ ಬೇಕಾದ ವಿವರಣೆ. ‘ಇಂದೇ ಕೊಳ್ಳಿ’ ಬೇಡ. ಆದರೆ ಗಂಜಿ ಹಾಕುವ ಬಗೆಯ ಪುಟಗಳೂ ಇವೆ ಅಂತ ಅದರಲ್ಲಿ ಬರೆದಿಲ್ಲವಲ್ಲ? ಅದು ಗೊತ್ತಿದ್ದರೆ ನಾನು ಖಂಡಿತ ಒತ್ತಿ ನೋಡುತ್ತಿದ್ದೆ.

ಕಂಬಳಿ_ಚಳ್ಳಕೆರೆ
ಸಾರ್, ಇದನ್ನೇ ನಾನು ಹೇಳೋದು! ನಂಬರ್ ಒನ್ ಅನ್ನೋದು ಬೇಡ, ಬಿಟ್ಟೆ. ಆದರೆ ನೇಕಾರರ ಕೆಲಸದ ಪುಟಗಳನ್ನು ಯಾಕೆ ಬಿಟ್ಟರು? ಆ ಪುಟಗಳೇ ಸೈಟಿನ ಜೀವ.

ಮಂಡಿಪೇಟೆ_ಹುಡುಗ
ಈಗ ಡೈರೆಕ್ಟರಿ ಯಾರಿಗೆ ಬೇಕು ಸ್ವಾಮಿ? ಮ್ಯಾಪಿನಲ್ಲಿ ಅಂಗಡಿ ಹಾಕಿ, ನಾಲ್ಕು ರಿವ್ಯೂ ಬರೆಸಿ, ಮುಗೀತು.

ಮೊಳಕಾಲ್ಮೂರು_ಮಗ್ಗ
ಮ್ಯಾಪಿನಲ್ಲಿ ಯಾರು ಬೇಕಾದರೂ ‘ಈ ಅಂಗಡಿ ಶಾಶ್ವತವಾಗಿ ಮುಚ್ಚಿದೆ’ ಅಂತ ಸೂಚಿಸಬಹುದು. ನಮ್ಮ ಚಿಕ್ಕಪ್ಪನ ಅಂಗಡಿಗೆ ಒಂದು ನಕ್ಷೆ ಆ್ಯಪಿನಲ್ಲಿ ಹಾಗೇ ಆಯಿತು, ಅದೂ ಮದುವೆ ಸೀಜನ್ನಿನಲ್ಲಿ. ಸರಿ ಮಾಡಿಸೋಕೆ ಮಾತಾಡಲು ಒಬ್ಬ ಮನುಷ್ಯನೂ ಸಿಗಲಿಲ್ಲ. ಇಲ್ಲಿ ಜಗಳ ಆಡೋಕಾದರೂ ಜಗಳೂರಿನ ಅಣ್ಣ ಸಿಕ್ಕಿದ್ದಾರೆ.

ಹಳೆಯ_ಮೋಡೆಮ್
ಮಂಡಿಪೇಟೆ ಹುಡುಗ, ನಿನ್ನ ವೃತ್ತಿಯವರ ಬಗ್ಗೆಯೂ ಹೇಳಲೇಬೇಕು. ‘500 ಡೈರೆಕ್ಟರಿಗೆ ನಿಮ್ಮ ಸೈಟು’ ಅಂತ ಪ್ಯಾಕೇಜ್ ಮಾರಿದವರು ಯಾರು? ಒಂದು ಸಾಫ್ಟ್‌ವೇರ್ ಓಡಿಸಿ ಎಲ್ಲ ಕಡೆ ಒಂದೇ ವಿವರಣೆ ಸುರಿದರು. ಸಂಪಾದಕರ ಸರತಿ ತುಂಬಿದ್ದು ಅದರಿಂದ. ನಿಜವಾದ ಸೈಟು ಅದರ ಅಡಿಯಲ್ಲಿ ಸಿಕ್ಕಿಕೊಂಡಿತು. ಡಿಮೋಜ್‌ನಲ್ಲಿ ಮತ್ತೆ ಮತ್ತೆ ಕಳಿಸಿದರೆ ಹಳೆಯ ಮನವಿ ಅಳಿಸಿಹೋಗಿ ಹೊಸ ದಿನಾಂಕದ್ದು ಅದರ ಜಾಗದಲ್ಲಿ ಕೂರುತ್ತಿತ್ತು. ಅಂದರೆ ಅವಸರ ಮಾಡಿದವನಿಗೇ ಇನ್ನೂ ತಡ.

2012ರ ಏಪ್ರಿಲಿನಲ್ಲಿ ಗೂಗಲ್ ಪೆಂಗ್ವಿನ್ ಅಂತ ಬದಲಾವಣೆ ತಂದಿತು. ಹುಡುಕಾಟದಲ್ಲಿ ಮೇಲೆ ಬರೋಕೆ ಅಂತಲೇ ಕಟ್ಟಿದ ಕೊಂಡಿಗಳಿಗೆ ಶಿಕ್ಷೆ. ಆಗ ಅದೇ ಮಾಲೀಕರು ಡೈರೆಕ್ಟರಿಗಳ ಬೆನ್ನು ಬಿದ್ದು ‘ನಮ್ಮ ಸೈಟು ತೆಗೆಯಿರಿ’ ಅಂತ ಅಂಗಲಾಚಿದರು. ಕೆಲವು ಡೈರೆಕ್ಟರಿಗಳು ತೆಗೆಯೋಕೂ ದುಡ್ಡು ಕೇಳಿದವು. ಅದೇ ವರ್ಷ ಅಕ್ಟೋಬರಿನಲ್ಲಿ ಬೇಡದ ಕೊಂಡಿಗಳನ್ನು ಕೈಬಿಡುವ ಸಾಧನವನ್ನು ಗೂಗಲ್ ಕೊಟ್ಟಿತು.

ಮಂಡಿಪೇಟೆ_ಹುಡುಗ
ಆ ಪ್ಯಾಕೇಜ್ ನಾನು ಮಾರಿಲ್ಲ. ನಾನು ಈ ಕೆಲಸಕ್ಕೆ ಬಂದಿದ್ದೇ ಅದೆಲ್ಲ ಮುಗಿದ ಮೇಲೆ. ಹಳಬರು ಮಾಡಿದ್ದಕ್ಕೆ ನಮ್ಮ ಗಿರಾಕಿಗಳು ಯಾಕೆ ಕಾಯಬೇಕು?

ಬೆಣ್ಣೆ_ಖಾಲಿ
ನನ್ನದೊಂದು ಪ್ರಶ್ನೆ. ನಮ್ಮ ಭಾವನ ದೋಸೆ ಹೋಟೆಲ್ ಸೈಟಿಗೆ ‘ಒರಿಜಿನಲ್ ದಾವಣಗೆರೆ ಬೆಣ್ಣೆ ದೋಸೆ’ ಅಂತ ಬರೆದಿದ್ದೆವು. ‘ಒರಿಜಿನಲ್’ ತೆಗೆದಿದ್ದಾರೆ. ಬೋರ್ಡಿನಲ್ಲೇ ಹಾಗಿದೆ. ಇದು ಯಾವ ನ್ಯಾಯ?

ಜಗಳೂರು_ಸಂಪಾದಕ
ಹೋಟೆಲಿನ ಹೆಸರಿನಲ್ಲೇ ‘ಒರಿಜಿನಲ್’ ಇದ್ದರೆ ಶೀರ್ಷಿಕೆಯಲ್ಲಿ ಹಾಗೇ ಇಡುತ್ತೇವೆ. ವಿವರಣೆಯಲ್ಲಿ ಇಡುವುದಿಲ್ಲ. ದಾವಣಗೆರೆಯಲ್ಲಿ ಒರಿಜಿನಲ್ ಅಲ್ಲ ಅಂತ ಹೇಳಿಕೊಳ್ಳುವ ಒಂದು ದೋಸೆ ಹೋಟೆಲ್ ತೋರಿಸಿ. ಬೋರ್ಡಿನ ಫೋಟೋ ಕಳಿಸಿ, ಶೀರ್ಷಿಕೆ ಸರಿ ಮಾಡುತ್ತೇನೆ.

ಹೊಳೆದಂಡೆ_ಹರಿಹರ
ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ, ಸೌದೆ ಒಲೆ. ಇಷ್ಟು ಇಲ್ಲದಿದ್ದರೆ ಒರಿಜಿನಲ್ ಅಲ್ಲ, ಅಷ್ಟೇ.

ಬೆಣ್ಣೆ_ಖಾಲಿ
ಸೌದೆ ಒಲೆಯೇ ಇದೆ. ಬಂದು ತಿಂದು ಹೇಳಿ.

ಹಳೆಯ_ಮೋಡೆಮ್
ವಿವರಣೆಯ ಜಗಳಕ್ಕೆ ಒಂದು ಹಳೆಯ ಉದಾಹರಣೆ. ಗೂಗಲ್ ಹುಡುಕಾಟದಲ್ಲಿ ಸೈಟಿನ ಹೆಸರಿನ ಕೆಳಗೆ ಎಷ್ಟೋ ಸಲ ಡಿಮೋಜ್ ಸಂಪಾದಕ ಬರೆದ ಸಾಲನ್ನೇ ತೋರಿಸುತ್ತಿದ್ದರು. ಐದು ವರ್ಷದ ಹಿಂದೆ ಬರೆದದ್ದು. ಅಂಗಡಿ ಜಾಗ ಬದಲಾಗಿದೆ, ಮಾಲು ಬದಲಾಗಿದೆ, ಸಾಲು ಹಾಗೇ ಇದೆ. ತಿದ್ದಿಸಲು ಮನವಿ ಕೊಟ್ಟರೆ ಅದೂ ಸರತಿಗೆ. ಮಾಲೀಕರು ಎಷ್ಟು ಗಲಾಟೆ ಮಾಡಿದರು ಅಂದರೆ 2006ರಲ್ಲಿ ಮೈಕ್ರೋಸಾಫ್ಟಿನ ಎಂಎಸ್‌ಎನ್, ಆಮೇಲೆ ಗೂಗಲ್, ‘ನೋಓಡಿಪಿ’ (ಓಡಿಪಿ ಅಂದರೆ ಓಪನ್ ಡೈರೆಕ್ಟರಿ ಪ್ರಾಜೆಕ್ಟ್) ಅಂತ ಒಂದು ಟ್ಯಾಗ್ ಒಪ್ಪಿಕೊಂಡವು. ಅದನ್ನು ಪುಟದಲ್ಲಿ ಹಾಕಿದರೆ ಡಿಮೋಜ್ ವಿವರಣೆ ತೋರಿಸುತ್ತಿರಲಿಲ್ಲ.

ನಾನು ಸಂಪಾದಕರ ಕಡೆಯವನೇ. ಆದರೂ ಹೇಳುತ್ತೇನೆ, ಆ ವಿಷಯದಲ್ಲಿ ಮಾಲೀಕರು ಹೇಳಿದ್ದು ಸರಿ ಇತ್ತು. ಹೊಗಳಿಕೆ ತೆಗೆಯುವುದು ಸಂಪಾದಕನ ಹಕ್ಕು. ಹಳಸಿದ ವಿಷಯ ಹಾಗೇ ಬಿಡುವುದು ಹಕ್ಕಲ್ಲ.

ಪಿಜೆ_ಬಡಾವಣೆ_ಓದುಗ
ಮಾಲೀಕರಿಗೆ ಉತ್ತರ ಕೊಡಬಾರದು ಅನ್ನುವ ಪದ್ಧತಿ ಎಲ್ಲಿಂದ ಬಂತು ಹಾಗಾದರೆ?

ಹಳೆಯ_ಮೋಡೆಮ್
ಅನುಭವದಿಂದ. ‘ಬೇಡ’ ಅಂದರೆ ‘ಯಾಕೆ’ ಅಂತಾರೆ. ಕಾರಣ ಹೇಳಿದರೆ ವಾದ. ವಾದಕ್ಕೆ ಉತ್ತರಿಸಿದರೆ ಬೈಗುಳ. ಮೋಸದ ಸೈಟಿನವನಿಗೆ ಕಾರಣ ಹೇಳಿದರೆ ಅದೊಂದನ್ನು ಮಾತ್ರ ಮುಚ್ಚಿಕೊಂಡು ಮತ್ತೆ ಬರುತ್ತಾನೆ. ಡಿಮೋಜ್ ಸಂಪಾದಕರು ಒಂದು ಕಾಲದಲ್ಲಿ ‘ನನ್ನ ಮನವಿ ಎಲ್ಲಿಗೆ ಬಂತು’ ಅಂತ ಕೇಳಿದವರಿಗೆ ಬೇರೊಂದು ಜಾಗದಲ್ಲಿ ಉತ್ತರ ಕೊಡುತ್ತಿದ್ದರು. 2005ರಲ್ಲಿ ಅದನ್ನೂ ನಿಲ್ಲಿಸಿದರು. ‘ನೀವು ಕಳಿಸುವುದು ಸಲಹೆ, ಅರ್ಜಿಯಲ್ಲ. ನೋಡುವುದು, ಬಿಡುವುದು ನಮ್ಮ ಇಷ್ಟ’ ಅನ್ನುವುದು ಅಲ್ಲಿಯ ನಿಲುವು.

ಕಂಬಳಿ_ಚಳ್ಳಕೆರೆ
ಸಲಹೆ ಅಂದರೆ ಸಲಹೆ ಅಂತ ಬರೆಯಿರಿ. ನಿಮ್ಮ ಬಟನ್ನಿನ ಮೇಲೆ ‘ನಿಮ್ಮ ಸೈಟು ಸೇರಿಸಿ’ ಅಂತ ಇದೆ. ಒತ್ತಿದವನು ಸೇರುತ್ತದೆ ಅಂತ ಕಾಯುತ್ತಾನೆ. ನೆಂಟಸ್ತಿಕೆಯ ವಿಷಯಕ್ಕೂ ಯಾರೂ ಉತ್ತರ ಕೊಟ್ಟಿಲ್ಲ.

ಜಗಳೂರು_ಸಂಪಾದಕ
ಕೊಡುತ್ತೇನೆ. ನೆಂಟರು ಹೌದು, ದೂರದ ಸಂಬಂಧ. ಅವರು ಸಂಪಾದಕರಾಗುವಾಗಲೇ ಅದನ್ನು ಬರೆದುಕೊಟ್ಟಿದ್ದಾರೆ. ಆ ಇನ್ನೊಂದು ಅಂಗಡಿಯ ಸೈಟನ್ನು ಸೇರಿಸಿದ್ದು ಅವರಲ್ಲ, ಬೇರೆಯವರು. ದಾಖಲೆ ನಮ್ಮ ಒಳಪುಟದಲ್ಲಿ ಇದೆ. ಹೊರಗಿನವರಿಗೆ ಕಾಣುವುದಿಲ್ಲ, ಅದು ಕಾಣಬೇಕು ಅಂತ ನಾನು ಹಿಂದೆಯೇ ಹೇಳಿದ್ದೆ.

ಇವತ್ತು ಸಂಜೆ ನಾವು ಕೆಲವರು ಫೋನಿನಲ್ಲಿ ಮಾತಾಡಿದೆವು. ಒಪ್ಪಿದ್ದು ಇಷ್ಟು. ಸೈಟು ಬೇಡ ಅಂದರೆ ಕಾರಣದ ಒಂದು ಸಿದ್ಧ ಸಾಲು ಹೋಗುತ್ತದೆ: ಬೇರೆ ವಿಭಾಗಕ್ಕೂ ಬಂದಿದೆ, ವಿಳಾಸ ಇಲ್ಲ, ನಕಲು ವಿಷಯ, ಪುಟ ತೆರೆಯುತ್ತಿಲ್ಲ, ಹೀಗೆ. ಅದಕ್ಕೆ ಮಾಲೀಕರು ಒಂದು ಸಲ ಉತ್ತರಿಸಬಹುದು. ಅದಾದ ಮೇಲೆ ವಾದ ಇಲ್ಲ. ಸಂಪಾದಕರಿಗೆ ಸಂಬಂಧಪಟ್ಟ ಸೈಟು ಇದ್ದರೆ ವಿಭಾಗದ ಪುಟದಲ್ಲೇ ಕಾಣುತ್ತದೆ. ಹರಪನಹಳ್ಳಿಯ ಸೈಟುಗಳು ವಾಪಸ್ ಬರುತ್ತವೆ, ಸೂಚನೆಯ ಜೊತೆ. ಬಟನ್ನಿನ ಮೇಲಿನ ಮಾತು ‘ಸೈಟು ಸೂಚಿಸಿ’ ಅಂತ ಆಗುತ್ತದೆ.

ಒಪ್ಪದೇ ಇದ್ದದ್ದು: ಇಷ್ಟು ದಿನದಲ್ಲಿ ನೋಡುತ್ತೇವೆ ಅನ್ನುವ ಗಡುವು. ನಾವೆಲ್ಲ ಬೇರೆ ಕೆಲಸ ಇರುವವರು. ಅಡಿಕೆ ಕೊಯ್ಲಿನ ಟೈಮಿಗೆ ಚನ್ನಗಿರಿ ಕಡೆಯವರು ತಿಂಗಳುಗಟ್ಟಲೆ ಸಿಗುವುದಿಲ್ಲ. ಸುಳ್ಳು ಮಾತು ಕೊಡುವುದಿಲ್ಲ.

ಮಂಡಿಪೇಟೆ_ಹುಡುಗ
ಗಡುವು ಇಲ್ಲದಿದ್ದರೆ ಉಳಿದದ್ದು ಇದ್ದೂ ಏನು ಪ್ರಯೋಜನ? ಸರತಿಯಲ್ಲಿ ಎಷ್ಟು ಸೈಟು ಇವೆ ಅಂತಾದರೂ ತೋರಿಸಿ. ಗಿರಾಕಿಗೆ ಅಷ್ಟಾದರೂ ಹೇಳುತ್ತೇನೆ.

ಜಗಳೂರು_ಸಂಪಾದಕ
ಅದು ಆಗುತ್ತದೆ. ವಿಭಾಗದ ಪಕ್ಕ ಸಂಖ್ಯೆ ತೋರಿಸುವುದು ಕಷ್ಟ ಇಲ್ಲ, ಕೇಳುತ್ತೇನೆ.

ಕಂಬಳಿ_ಚಳ್ಳಕೆರೆ
ನಮ್ಮ ವಿವರಣೆಗೆ ‘ಕಂಬಳಿ ನೇಯುವ, ಗಂಜಿ ಹಾಕುವ ಬಗೆಯ ಸಚಿತ್ರ ಪುಟಗಳು’ ಅಂತ ಸೇರಿಸಿ. ಎಣ್ಣೆ ಗಿರಣಿ, ಉಡುಪು, ಪ್ರವಾಸದ ಮನವಿ ಎಲ್ಲ ಅಳಿಸಿಬಿಡಿ. ತಿರುಗಿಸಿದ ವಿಳಾಸಗಳನ್ನು ನಾನೇ ಮುಚ್ಚಿಸುತ್ತೇನೆ. ಗಡುವಿನ ವಿಷಯದಲ್ಲಿ ಮಾತ್ರ ನಾನು ಒಪ್ಪಿಲ್ಲ. ಜನ ಸಾಲದಿದ್ದರೆ ಜನ ಸೇರಿಸಿ.

ಹೊಸದುರ್ಗ_ತೆಂಗು
ಇಷ್ಟೂ ಓದಿದೆ. ಹೊಸದುರ್ಗದ ವಿಭಾಗಕ್ಕೆ ಯಾರೂ ಇಲ್ಲ ಅಂತ ತೋರಿಸುತ್ತಿದೆ. ದಾಳಿಂಬೆ, ತೆಂಗು ಬೆಳೆಗಾರರ ಸೈಟುಗಳು ಈಗ ಬೇಕಾದಷ್ಟಿವೆ, ಅಲ್ಲಿ ಒಂದೂ ಕಾಣಲಿಲ್ಲ. ನಾನು ನೋಡಿಕೊಳ್ಳಬಹುದಾ?

ಜಗಳೂರು_ಸಂಪಾದಕ
ಧಾರಾಳವಾಗಿ. ಮೂರು ಸೈಟು ಹುಡುಕಿ, ಒಂದೊಂದಕ್ಕೆ ಒಂದು ಸಾಲಿನ ವಿವರಣೆ ಬರೆದು ಕಳಿಸಿ. ನಿಮ್ಮದು ಅಥವಾ ನಿಮ್ಮ ಕಡೆಯವರದು ಯಾವುದಾದರೂ ಸೈಟು ಇದ್ದರೆ ಈಗಲೇ ಹೇಳಿ.

ಹೊಸದುರ್ಗ_ತೆಂಗು
ನಮ್ಮಣ್ಣನದು ಒಂದು ನರ್ಸರಿ ಸೈಟು ಇದೆ. ಅದನ್ನು ಬೇರೆ ಯಾರಾದರೂ ನೋಡಲಿ.